ಇಪ್ಪತ್ತನಾಲ್ಕು ಫೋಟೊ, ಒಂದು ಕತ್ತರಿ, ನಾಲ್ಕು ಲಗ್ನಪತ್ರಿಕೆ

ಪ್ರವಾಸ ಮುಗಿಸಿ ಬಂದ ಮರುದಿನ ಎಲ್ಲರ ಮನೆಯೂ ಒಂದೇ ಥರ ಇರುತ್ತದೆ. ಬಾಗಿಲ ಹಿಂದೆ ಅರ್ಧ ಬಿಚ್ಚಿದ ಬ್ಯಾಗು, ಬಕೆಟಿನಲ್ಲಿ ನೆನೆದ ಬಟ್ಟೆ, ಅಡುಗೆ ಕಟ್ಟೆಯ ಮೇಲೆ ತಿಂದು ಉಳಿದ ಚಕ್ಕುಲಿಯ ಪೊಟ್ಟಣ. ಪಕ್ಕದ ಮನೆಯವರು ಬಂದು "ಹೇಗಾಯ್ತು ಟೂರು?" ಎಂದು ಕೇಳಿದ್ದೇ ತಡ, ನಾಲ್ಕೂ ಜನ ನಾಲ್ಕು ಫೋನು ತೆಗೆಯುತ್ತಾರೆ. ಬೆರಳು ಓಡುತ್ತದೆ. ಗುಡಿ, ಗುಡಿಯ ಮುಂದೆ ಅತ್ತೆ, ಗುಡಿಯ ಮುಂದೆ ಕಣ್ಣು ಮುಚ್ಚಿದ ಅತ್ತೆ, ಕೋತಿ, ಅಲ್ಲಾಡಿದ ಕೋತಿ, ಮತ್ತೆ ಗುಡಿ.

"ಅಜ್ಜಿ, ಇದು ಐಹೊಳೆನಾ?"

"ಪಟ್ಟದಕಲ್ಲು ಇರಬೇಕು ಕಣೋ. ನಿಮ್ಮಪ್ಪನ್ನ ಕೇಳು."

ಅಪ್ಪನಿಗೂ ಗೊತ್ತಿಲ್ಲ. ಹೋಗಿ ಬಂದು ಇನ್ನೂ ಮೂರು ದಿನ ಆಗಿಲ್ಲ. ಪಕ್ಕದ ಮನೆಯವರು ನಲವತ್ತನೇ ಚಿತ್ರದ ಹೊತ್ತಿಗೆ "ಹಾಲು ಒಲೆ ಮೇಲಿಟ್ಟು ಬಂದಿದ್ದೆ" ಎಂದು ಎದ್ದಿರುತ್ತಾರೆ.

ಇದಕ್ಕೆ ಮದ್ದು ಎಂದು ಕೆಲವರು ಸ್ಕ್ರ್ಯಾಪ್‌ಬುಕ್ ಮಾಡಲು ಹೊರಡುತ್ತಾರೆ. ಫೋಟೊಗಳನ್ನು ಪ್ರಿಂಟ್ ಹಾಕಿಸಿ, ಟಿಕೆಟು, ನಕ್ಷೆ, ಕೈಬರಹದ ಜೊತೆ ಪುಸ್ತಕದಲ್ಲಿ ಅಂಟಿಸಿಡುವ ಹವ್ಯಾಸ ಇದು. ಆದರೆ ಅಂಗಡಿಗೆ ಹೋದರೆ ದಿಗಿಲಾಗುತ್ತದೆ. ಬಣ್ಣದ ಟೇಪುಗಳು, ಉಬ್ಬು ಸ್ಟಿಕ್ಕರುಗಳು, ಹೂವಿನ ಆಕಾರ ಕತ್ತರಿಸುವ ಪಂಚುಗಳು, ಹೊಳೆಯುವ ಪುಡಿ. ಒಂದು ಚೀಲ ತುಂಬಿಕೊಂಡು ಬಂದವರು ಹೆಚ್ಚಾಗಿ ಮೂರನೇ ಪುಟಕ್ಕೇ ನಿಲ್ಲಿಸುತ್ತಾರೆ. ಸಾಮಾನು ಕಡಿಮೆ ಇದ್ದವರೇ ಪುಸ್ತಕ ಮುಗಿಸುವುದು. ನಾನು ಕಂಡಿರುವುದು ಇಷ್ಟು. ಕಡಿಮೆ ಸಾಮಾನಿನಲ್ಲಿ ಹೇಗೆ ಮಾಡುವುದು ಎಂಬುದನ್ನು ನೋಡೋಣ. ಅದಕ್ಕೆ ಮೊದಲು ಈ ಹವ್ಯಾಸದ ಕಥೆ.

ಚೂರುಗಳ ಪುಸ್ತಕ

ಸ್ಕ್ರ್ಯಾಪ್ ಎಂದರೆ ಚೂರು, ತುಣುಕು. ಯುರೋಪಿನಲ್ಲಿ ಓದುಬರಹ ಬಲ್ಲವರು ಮೆಚ್ಚಿದ ಸಾಲು, ಅಡುಗೆಯ ಅಳತೆ, ಔಷಧದ ವಿವರ ಎಲ್ಲವನ್ನೂ ಒಂದೇ ಪುಸ್ತಕಕ್ಕೆ ಬರೆದಿಟ್ಟುಕೊಳ್ಳುವ ರೂಢಿ ಬಹಳ ಹಳೆಯದು. 1769ರಲ್ಲಿ ಜೇಮ್ಸ್ ಗ್ರೇಂಜರ್ ಎಂಬ ಪಾದ್ರಿ ಇಂಗ್ಲೆಂಡಿನ ಗಣ್ಯರ ಜೀವನಚರಿತ್ರೆಯ ಗ್ರಂಥವೊಂದನ್ನು ಪ್ರಕಟಿಸಿದ. ಓದುಗರು ಆ ಗಣ್ಯರ ಮುಖಚಿತ್ರಗಳನ್ನು ಬೇರೆ ಕಡೆಯಿಂದ ಕತ್ತರಿಸಿ ತಂದು ಅದರ ಪುಟಗಳಿಗೆ ಸೇರಿಸತೊಡಗಿದರು. ಬೇರೆಯವರ ಪುಸ್ತಕ ಹರಿದು ನಮ್ಮದನ್ನು ಅಂದಗೊಳಿಸುವ ಈ ಚಟಕ್ಕೆ ಅವನ ಹೆಸರೇ ಅಂಟಿಕೊಂಡಿತು.

ಹತ್ತೊಂಬತ್ತನೇ ಶತಮಾನದಲ್ಲಿ ಬಣ್ಣದ ಮುದ್ರಣ ಅಗ್ಗವಾಯಿತು, ಅಂಟಿಸುವುದಕ್ಕೆಂದೇ ಚಿತ್ರದ ಚೂರುಗಳು ಅಂಗಡಿಗೆ ಬಂದವು. ಲೇಖಕ ಮಾರ್ಕ್ ಟ್ವೇನ್‌ಗೆ ಕತ್ತರಿಸಿ ಅಂಟಿಸುವ ಹುಚ್ಚು ಇತ್ತು. ಅಂಟಿನ ರೇಜಿಗೆ ಮಾತ್ರ ಬೇಡವಾಗಿತ್ತು. 1873ರಲ್ಲಿ ಅವನು ಪುಟದ ಮೇಲೆ ಮೊದಲೇ ಅಂಟು ಸವರಿ ಒಣಗಿಸಿದ ಪುಸ್ತಕಕ್ಕೆ ಪೇಟೆಂಟ್ ಪಡೆದ. ಒಂದಿಷ್ಟು ನೀರು ಹಚ್ಚಿ ಚೂರನ್ನು ಒತ್ತಿದರೆ ಆಯಿತು. ಅದು ಚೆನ್ನಾಗಿಯೇ ಮಾರಾಟವಾಯಿತು. ಅಷ್ಟು ದೊಡ್ಡ ಬರಹಗಾರ ಒಂದಕ್ಷರವೂ ಇಲ್ಲದ ಪುಸ್ತಕ ಮಾರಿ ಹಣ ಮಾಡಿದ್ದು ಹೀಗೆ.

ಪ್ರವಾಸದ ಫೋಟೊ ಈ ಕಥೆಯೊಳಗೆ ಬಂದದ್ದು ಕೊಡಾಕ್‌ನಿಂದ. 1888ರ ಮೊದಲ ಕೊಡಾಕ್ ಕ್ಯಾಮೆರಾದಲ್ಲಿ 100 ಚಿತ್ರಗಳ ಸುರುಳಿ ಇರುತ್ತಿತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಬೇಕು. 1900ರಲ್ಲಿ ಒಂದು ಡಾಲರಿನ ಬ್ರೌನಿ ಬಂತು. ಇನ್ನು ಇವತ್ತಿನ ಅಂಗಡಿಗಳ ಮೂಲ ಹುಡುಕಿದರೆ 1980ಕ್ಕೆ ಬರುತ್ತೇವೆ. ಅಮೆರಿಕದ ಯೂಟಾ ರಾಜ್ಯದ ಮ್ಯಾರಿಲೀನ್ ಕ್ರಿಸ್ಟೆನ್ಸನ್ ಎಂಬ ಗೃಹಿಣಿ ತಮ್ಮ ಮನೆಯ 50 ಸಂಪುಟಗಳ ಸ್ಕ್ರ್ಯಾಪ್‌ಬುಕ್ಕುಗಳನ್ನು ಸಾಲ್ಟ್ ಲೇಕ್ ಸಿಟಿಯ ದಾಖಲೆಗಳ ಸಮ್ಮೇಳನದಲ್ಲಿ ಇಟ್ಟರು. ಅಲ್ಲಿನ ಮಾರ್ಮನ್ ಸಮುದಾಯದಲ್ಲಿ ವಂಶಾವಳಿ ಬರೆದಿಡುವುದು ಧಾರ್ಮಿಕ ಕರ್ತವ್ಯ. ಹಾಗಾಗಿ ಈ ಹವ್ಯಾಸ ಬೇಗ ಹಬ್ಬಿತು. ಹಬ್ಬಿದ ಕಡೆ ವ್ಯಾಪಾರ ಬರದೆ ಇರುತ್ತದೆಯೇ?

ಕೌದಿಯೂ ಕಡತವೂ

ಹೆಸರು ಹೊರಗಿನದು. ಕೆಲಸ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಕೌದಿಯನ್ನೇ ನೋಡಿ. ಹಳೆ ಸೀರೆ, ಅಂಗಿ, ಲಂಗದ ಚೂರುಗಳನ್ನು ಜೋಡಿಸಿ ಹೊಲಿದ ಹೊದಿಕೆ. "ಇದು ನಿನ್ನ ನಾಮಕರಣದ್ದು, ಇದು ಅವ್ವನ ಇಳಕಲ್ ಸೀರಿದು" ಎಂದು ಬೆರಳಿಟ್ಟು ತೋರಿಸಬಹುದು. ಕೌದಿ ಹೊಲಿಯಲು ಯಾರೂ ಹೊಸ ಬಟ್ಟೆ ಕೊಳ್ಳುವುದಿಲ್ಲ. ಕೊಂಡರೆ ಅದು ಕೌದಿಯೇ ಅಲ್ಲ.

ಇನ್ನೊಂದು ಕಡತ. ಮಠಗಳಲ್ಲಿ, ವ್ಯಾಪಾರಿಗಳ ಮನೆಗಳಲ್ಲಿ ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಬಟ್ಟೆಯ ಪುಸ್ತಕ ಅದು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಿಕೆ ಹಾಕಿ ಬಳಪದಿಂದ ಬರೆಯುತ್ತಿದ್ದರು. ಬೆನ್ನಿಗೆ ಹೊಲಿಗೆ ಇಲ್ಲ. ಈಗ ಸರ್ಕಾರಿ ಕಚೇರಿಯಲ್ಲಿ ಧೂಳು ತಿನ್ನುವ ಫೈಲಿಗೂ ಅದೇ ಹೆಸರು ಉಳಿದಿದೆ. ಆ ಮಡಿಕೆಯ ಉಪಾಯ ನಮ್ಮ ಆಲ್ಬಮ್ಮಿಗೂ ಒದಗುತ್ತದೆ, ಮುಂದೆ ಹೇಳುತ್ತೇನೆ.

ನಮ್ಮ ಅಪ್ಪಂದಿರ ಕಾಲದ ಕಪ್ಪು ಪುಟದ ಆಲ್ಬಮ್ಮು ಹಲವರ ಮನೆಯ ಬೀರುವಿನಲ್ಲಿ ಇನ್ನೂ ಇದೆ. ಪುಟಪುಟದ ನಡುವೆ ಸರಸರ ಸದ್ದು ಮಾಡುವ ಬಟರ್ ಪೇಪರು, ಚಿತ್ರದ ನಾಲ್ಕು ಮೂಲೆಗೂ ಪುಟ್ಟ ಕಾಗದದ ಟೋಪಿ. ಆಗಿನ ಆಗ್ಫಾ ಕ್ಲಿಕ್ ಕ್ಯಾಮೆರಾದ ಒಂದು ರೀಲಿಗೆ ಹನ್ನೆರಡೇ ಚಿತ್ರ. ಅದಕ್ಕೇ ಅತ್ತೆ ಕಣ್ಣು ಬಿಡುವವರೆಗೂ ಕಾಯುತ್ತಿದ್ದರು.

ಆರುನೂರರಲ್ಲಿ ಇಪ್ಪತ್ತನಾಲ್ಕು

ನಮ್ಮ ಮನೆಯವರು ಬಾದಾಮಿಗೆ ಹೋಗಿ ಬಂದಾಗ ಎಲ್ಲರ ಫೋನು ಸೇರಿ ಆರುನೂರಕ್ಕೂ ಮೇಲೆ ಚಿತ್ರಗಳಿದ್ದವು. ಅವುಗಳಲ್ಲಿ ಇಪ್ಪತ್ತನಾಲ್ಕೇ ಎಂದು ಮೊದಲೇ ನಿಶ್ಚಯಿಸಿದೆವು. ಎರಡು ರೀಲಿನ ಲೆಕ್ಕ. ಜಗಳ ಆಗಲಿ ಎಂದೇ ಅಷ್ಟು ಕಡಿಮೆ ಇಟ್ಟದ್ದು.

ಜಗಳವೂ ಆಯಿತು. ಮೂರನೇ ಗುಹೆಯ ದೊಡ್ಡ ವಿಷ್ಣುವಿನ ಚಿತ್ರ ಬೇಕೆಂದು ಒಬ್ಬರು. ಚಾಲುಕ್ಯ ಮಂಗಲೇಶನ ಶಾಸನ ಇರುವ ಗುಹೆ ಅದು, ಕ್ರಿ.ಶ. 578ರ ಕಾಲ ನಮೂದಾಗಿರುವುದು, ಬಿಡುವುದು ಹೇಗೆ? ಆದರೆ ಆ ವಿಷ್ಣು ಎಲ್ಲ ಪುಸ್ತಕಗಳಲ್ಲೂ ನಮಗಿಂತ ಚೆನ್ನಾಗಿ ಬಂದಿದ್ದಾನೆ. ಬನಶಂಕರಿ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಶೇಂಗಾ ಚಟ್ನಿ, ಗಡಿಗೆ ಮೊಸರು ಮಾರುವವರ ಮುಂದೆ ಕೂತು ಅತ್ತೆ ಮೂರನೇ ರೊಟ್ಟಿಗೆ ಕೈ ಚಾಚಿದ ಚಿತ್ರ ಬೇರೆ ಯಾರ ಹತ್ತಿರವೂ ಇಲ್ಲ. ಅದು ಒಳಗೆ ಬಂತು. ವಿಷ್ಣುವಿಗೆ ಒಂದು ಚಿತ್ರ ಕೊಟ್ಟೆವು, ಅದೂ ಕೆಳಗೆ ಪುಟ್ಟದಾಗಿ ನಿಂತ ಮಗ ಕಾಣುತ್ತಾನೆ ಎಂಬ ಕಾರಣಕ್ಕೆ.

ಪ್ರಿಂಟ್ ಹಾಕಿಸುವಾಗ ಎರಡು ಕಡೆ ಎಡವುತ್ತಾರೆ. ಸ್ಟುಡಿಯೊಗಳಲ್ಲಿ ಸಾಮಾನ್ಯ ಅಳತೆ 4×6 ಇಂಚು. ಫೋನಿನ ಚಿತ್ರದ ಆಕಾರ ಬೇರೆ: ಆರು ಇಂಚು ಅಗಲಕ್ಕೆ ನಾಲ್ಕೂವರೆ ಇಂಚು ಎತ್ತರ ಬೇಕು. ಕಾಗದ ಇರುವುದು ನಾಲ್ಕೇ ಇಂಚು. ಉಳಿದ ಅರ್ಧ ಇಂಚನ್ನು ಯಂತ್ರ ತನಗೆ ತೋಚಿದಂತೆ ಕತ್ತರಿಸುತ್ತದೆ. ಗೋಪುರದ ಕಳಶವೋ, ಉದ್ದ ಇರುವವರ ತಲೆಯೋ ಹೋಗುತ್ತದೆ. ಆದ್ದರಿಂದ ಫೋನಿನಲ್ಲೇ 3:2 ಆಕಾರಕ್ಕೆ ನೀವೇ ಕತ್ತರಿಸಿ ಕೊಡಿ. ಎರಡನೆಯದು, ವಾಟ್ಸ್ಆ್ಯಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. 4×6 ಪ್ರಿಂಟ್ ಚೊಕ್ಕಟವಾಗಿ ಬರಬೇಕಾದರೆ 1800×1200 ಚುಕ್ಕೆಗಳಾದರೂ ಇರಬೇಕು. ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವೆ ಪೆನ್‌ಡ್ರೈವಿನಲ್ಲಿ ಒಯ್ಯಿರಿ.

ಮನೆಯಲ್ಲಿ ಏನಿದೆ?

ಒಂದು ಚಿತ್ರಕಲೆಯ ಪುಸ್ತಕ, ಕತ್ತರಿ, ಸ್ಕೇಲು, ಪೆನ್ಸಿಲು, ಒಂದು ಗ್ಲೂ ಸ್ಟಿಕ್, ಒಂದು ಕಪ್ಪು ಪೆನ್ನು. ನಾವು ಕೊಂಡದ್ದು ಪುಸ್ತಕ ಮತ್ತು ಗ್ಲೂ ಸ್ಟಿಕ್ ಮಾತ್ರ.

ಅಲಂಕಾರಕ್ಕೆ ಲಗ್ನಪತ್ರಿಕೆ. ಕನ್ನಡನಾಡಿನ ಮನೆಗಳಲ್ಲಿ ಎಸೆಯಲಾಗದೆ, ಇಟ್ಟುಕೊಳ್ಳಲೂ ಆಗದೆ ಟಿವಿ ಸ್ಟ್ಯಾಂಡಿನ ಕೆಳಗೆ ಬೆಳೆಯುವ ಸಂಪತ್ತು ಅದು. ಎಂಥ ಗಟ್ಟಿ ಕಾಗದ! ಕುಂಕುಮದ ಕೆಂಪು, ಅರಿಶಿನ, ಚಿನ್ನದ ಗೆರೆ. ಗಣಪತಿಯನ್ನೂ ಹೆಸರುಗಳನ್ನೂ ಬಿಟ್ಟು ಅಂಚಿನ ಪಟ್ಟಿ ಮಾತ್ರ ಕತ್ತರಿಸಿಕೊಳ್ಳಿ. ದೇವರ ಚಿತ್ರಕ್ಕೆ ಕತ್ತರಿ ಹಾಕಿದರೆ ಮನೆಯ ಹಿರಿಯರು ಸುಮ್ಮನಿರುವುದಿಲ್ಲ. ನಾಲ್ಕು ಪತ್ರಿಕೆ ಒಂದು ಆಲ್ಬಮ್ಮಿಗೆ ಧಾರಾಳ.

ಬಣ್ಣ ಎಷ್ಟಿರಬೇಕು ಎಂಬುದನ್ನು ಊರೇ ಹೇಳುತ್ತದೆ. ಬಾದಾಮಿ ಎಂದರೆ ಕೆಂಪು ಮರಳುಗಲ್ಲು, ಅಗಸ್ತ್ಯತೀರ್ಥದ ಹಸಿರು ನೀರು. ಆ ಎರಡೇ ಬಣ್ಣ ಇಟ್ಟುಕೊಂಡೆವು, ನೀಲಿ ನೇರಳೆ ಯಾವುದನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹಾಗಾಗಿ ನಾಲ್ಕು ಜನ ಮಾಡಿದ ಪುಟಗಳೂ ಒಬ್ಬರ ಕೈಯಲ್ಲೇ ಆದಂತೆ ಕಾಣುತ್ತವೆ. ರಟ್ಟಿಗೆ ಬಾದಾಮಿಯ ಹತ್ತಿರದ ಗುಳೇದಗುಡ್ಡದ ಖಣ ಸುತ್ತಿದೆವು. ಕುಪ್ಪಸ ಹೊಲಿಸಿ ಉಳಿದ ತುಂಡು ಅದು, ಎರಡು ಗೇಣಿಗಿಂತ ಚೂರು ಹೆಚ್ಚು. ಇಡೀ ಪುಸ್ತಕದಲ್ಲಿ ಜನ ಮೊದಲು ಮುಟ್ಟಿ ನೋಡುವುದು ಅದನ್ನೇ.

ಮೂಲೆಯ ಟೋಪಿ, ಬೆನ್ನಿನ ಊತ

ಫೋಟೊಗೆ ನೇರವಾಗಿ ಅಂಟು ಹಚ್ಚದಿದ್ದರೆ ಒಳ್ಳೆಯದು. ಕಪ್ಪು ಆಲ್ಬಮ್ಮಿನ ಮೂಲೆಯ ಟೋಪಿಗಳನ್ನು ಮನೆಯಲ್ಲೇ ಮಾಡಬಹುದು. ಎರಡು ಇಂಚು ಅಗಲ, ಒಂದು ಇಂಚು ಎತ್ತರದ ಕಾಗದದ ಪಟ್ಟಿ ತೆಗೆದುಕೊಳ್ಳಿ. ಮೇಲಿನ ಎಡ ಮೂಲೆಯನ್ನು ಕೆಳ ಅಂಚಿನ ನಟ್ಟನಡುವಿಗೆ ಮಡಿಸಿ. ಬಲ ಮೂಲೆಯನ್ನೂ ಅಲ್ಲಿಗೇ ತಂದು ಮಡಿಸಿ. ಉಗುರಿನಿಂದ ತೀಡಿ. ತ್ರಿಕೋನವಾಯಿತು, ಕೆಳಗೆ ಬಾಯಿ ತೆರೆದ ಜೇಬಿನ ಹಾಗೆ. ಅದರೊಳಗೆ ಫೋಟೊದ ಮೂಲೆ ಸರಿಯಾಗಿ ಕೂರುತ್ತದೆ. ಮಡಿಕೆ ಇರುವ ಬೆನ್ನಿಗೆ ಮಾತ್ರ ಅಂಟು ಸವರಿ ಪುಟಕ್ಕೆ ಒತ್ತಿ. ನಾಳೆ ಯಾರಾದರೂ ಚಿತ್ರ ಕೇಳಿದರೆ ಹರಿಯದೆ ಹೊರಗೆ ತೆಗೆದು ಕೊಡಬಹುದು. ಇಪ್ಪತ್ತನಾಲ್ಕು ಚಿತ್ರಕ್ಕೆ ತೊಂಬತ್ತಾರು ಟೋಪಿ. ಟಿವಿ ನೋಡುತ್ತಾ ಎರಡು ಸಂಜೆಯಲ್ಲಿ ಮುಗಿಯುವ ಕೆಲಸ, ಹೂ ಕಟ್ಟುವ ಕೈಗಳಿಗೆ ಒಂದೇ ಸಂಜೆ.

ಇನ್ನೊಂದು ತೊಂದರೆ ಅರ್ಧ ದಾರಿಗೆ ಬಂದ ಮೇಲೆ ಗೊತ್ತಾಗುತ್ತದೆ. ಚಿತ್ರಗಳು ತುಂಬಿದಂತೆ ಪುಸ್ತಕ ಉಬ್ಬಿ ಬಾಯಿ ಬಿಡುತ್ತದೆ, ಬೆನ್ನು ತೆಳ್ಳಗೇ ಉಳಿಯುತ್ತದೆ. ಶುರು ಮಾಡುವ ಮೊದಲೇ ಒಂದು ಬಿಟ್ಟು ಒಂದು ಹಾಳೆಯನ್ನು, ಬೆನ್ನಿನ ಹತ್ತಿರ ಒಂದು ಬೆರಳಗಲ ಉಳಿಸಿ ಕತ್ತರಿಸಿಬಿಡಿ. ಉಳಿದ ಆ ಪಟ್ಟಿಗಳು ಬೆನ್ನಿಗೆ ದಪ್ಪ ಕೊಡುತ್ತವೆ. ಕತ್ತರಿಸಿದ ಹಾಳೆಗಳೇ ಟೋಪಿಗೂ ಬರಹದ ಚೀಟಿಗೂ ಆಗುತ್ತವೆ. ಇದೂ ರಗಳೆ ಅನಿಸಿದರೆ ಕಡತದ ದಾರಿ ಹಿಡಿಯಿರಿ: ಡ್ರಾಯಿಂಗ್ ಹಾಳೆಗಳನ್ನು ಉದ್ದಕ್ಕೆ ಜೋಡಿಸಿ, ಹಿಂದೆ ಮುಂದೆ ಮಡಿಸಿ, ಎರಡು ತುದಿಗೂ ರಟ್ಟು ಹಚ್ಚಿ. ಬೆನ್ನೇ ಇಲ್ಲದ್ದಕ್ಕೆ ಊತ ಎಲ್ಲಿಂದ? ಬಿಚ್ಚಿ ಗೂಡಿನ ಮೇಲೆ ನಿಲ್ಲಿಸಿದರೆ ಇಡೀ ಪ್ರವಾಸ ಸಾಲಾಗಿ ಕಾಣುತ್ತದೆ.

ಪುಟದ ಲೆಕ್ಕ ಸರಳ. ಎ4 ಹಾಳೆಯಲ್ಲಿ ಅಡ್ಡ ಚಿತ್ರ ಎರಡನ್ನು ಒಂದರ ಕೆಳಗೊಂದು ಇಟ್ಟರೆ ಮೂರೂವರೆ ಇಂಚಿನಷ್ಟು ಜಾಗ ಉಳಿಯುತ್ತದೆ. ಅದನ್ನು ತುಂಬಬೇಡಿ, ಬರೆಯಲು ಬೇಕು.

ಅಂಟಿನ ವಿಚಾರ

ಆಲ್ಬಮ್ಮನ್ನು ಹಾಳು ಮಾಡುವುದು ಹೆಚ್ಚಾಗಿ ಅದರೊಳಗಿನ ಸಾಮಾನೇ. ಸೆಲೋಟೇಪು ಕೆಲವು ವರ್ಷಕ್ಕೆ ಹಳದಿಯಾಗಿ ಪೊರೆ ಕಳಚುತ್ತದೆ, ಅಂಟು ಮಾತ್ರ ಕಲೆಯಾಗಿ ಉಳಿಯುತ್ತದೆ. ಬಡಗಿಯ ಬಿಳಿ ಅಂಟು ನೀರಾಗಿರುವುದರಿಂದ ಪುಟ ಸುಕ್ಕಾಗುತ್ತದೆ. ಮನೆಯ ಇಂಕ್‌ಜೆಟ್ ಪ್ರಿಂಟರಿನ ಚಿತ್ರಕ್ಕೆ ಒದ್ದೆ ತಾಗಿದರೆ ಬಣ್ಣ ಹರಡುವುದೂ ಉಂಟು.

ಇನ್ನು ಮೈದಾ ಅಂಟು. ಅಜ್ಜಿಯರು ಗಾಳಿಪಟಕ್ಕೂ ಪುಸ್ತಕದ ಬೈಂಡಿಗೂ ಕಾಯಿಸಿಕೊಡುತ್ತಿದ್ದ ಆ ಗಂಜಿಯನ್ನು ತಾತ್ಸಾರ ಮಾಡಬೇಕಿಲ್ಲ. ಹಳೆಯ ಕಾಗದಪತ್ರ ರಿಪೇರಿ ಮಾಡುವ ವಸ್ತುಸಂಗ್ರಹಾಲಯದ ಪರಿಣತರು ಇವತ್ತಿಗೂ ಗೋಧಿಯ ಪಿಷ್ಟದ ಅಂಟನ್ನೇ ನಂಬುತ್ತಾರೆ, ನೀರು ತಾಗಿಸಿದರೆ ಮತ್ತೆ ಬಿಡಿಸಬಹುದು ಎಂಬ ಕಾರಣಕ್ಕೆ. ಅವರು ಹಿಟ್ಟಿನ ಜಿಗುಟನ್ನು ತೆಗೆದು ಬಳಸುತ್ತಾರೆ. ನಮ್ಮ ಮೈದಾದಲ್ಲಿ ಅದೆಲ್ಲ ಇರುತ್ತದೆ, ಹುಳಕ್ಕೆ ಹಬ್ಬ. ಹಿಂದೆ ಬೈಂಡಿಂಗಿನವರು ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳಿರುವ ಮನೆಗೆ ಬೇಡ. ರಟ್ಟಿಗೆ ಖಣ ಹಚ್ಚಲು ಮೈದಾ ಸಾಕು; ಫೋಟೊ ಹತ್ತಿರ ತರಬೇಡಿ.

ನ್ಯೂಸ್‌ಪ್ರಿಂಟ್ ಬೇಗ ಹಳದಿಯಾಗುವುದು ಅದರಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುವುದರಿಂದ. ಪತ್ರಿಕೆಯ ತುಣುಕನ್ನು ಫೋಟೊ ಎದುರಿನ ಪುಟಕ್ಕೆ ಅಂಟಿಸಿದರೆ ಆ ಕಾಗದದ ಆಮ್ಲ ಎದುರಿನದಕ್ಕೂ ದಾಟುತ್ತದೆ. ಜೆರಾಕ್ಸ್ ಮಾಡಿಸಿ ಅಂಟಿಸಿ. ಎಂಬತ್ತು ತೊಂಬತ್ತರ ದಶಕದ, ಪ್ಲಾಸ್ಟಿಕ್ ಹಾಳೆ ಎತ್ತಿ ಫೋಟೊ ಒತ್ತುವ ಅಂಟುಪುಟದ ಆಲ್ಬಮ್ಮು ಮನೆಯಲ್ಲಿದ್ದರೆ ಇಂದೇ ತೆಗೆದು ನೋಡಿ. ಆ ಅಂಟಿನ ಗೆರೆಗಳು ಫೋಟೊದ ಬೆನ್ನಿಗೆ ಇಳಿದಿರುತ್ತವೆ. ಉಗುರಿನಿಂದ ಎಬ್ಬಬೇಡಿ. ಹೊಲಿಗೆ ದಾರವನ್ನು ಫೋಟೊದ ಕೆಳಗೆ ತೂರಿಸಿ, ಎರಡು ಕೈಯಲ್ಲಿ ಗರಗಸದಂತೆ ಮೆಲ್ಲಗೆ ಎಳೆದರೆ ಹೆಚ್ಚಿನವು ಬಿಡುತ್ತವೆ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಲ್ಯಾಬಿನ ಪ್ರಿಂಟಿನ ಮೇಲ್ಪದರ ಜೆಲಟಿನ್. ಮಳೆಗಾಲದ ತೇವಕ್ಕೆ ಅದು ಮೆತ್ತಗಾಗಿ ಎದುರಿನ ಚಿತ್ರಕ್ಕೆ ಅಂಟಿಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ಬಟರ್ ಪೇಪರು ಶೋಕಿಗೆ ಇದ್ದದ್ದಲ್ಲ.

ಮಾಯವಾಗುವ ಟಿಕೆಟು

ಗಟ್ಟಿ ರಟ್ಟಿನ ಪುಟ್ಟ ರೈಲು ಟಿಕೆಟು ಈಗ ಎಲ್ಲಿದೆ? ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಹೋದ ನಮ್ಮ ಕೈಯಲ್ಲಿದ್ದದ್ದು ಫೋನಿಗೆ ಬಂದ ಸಂದೇಶ. ಬಸ್ಸಿನಲ್ಲಿ ಮಾತ್ರ ಕಾಗದ ಸಿಕ್ಕಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತವಲ್ಲವೇ? ಅತ್ತೆಗೆ ಕೊಟ್ಟ ಟಿಕೆಟಿನಲ್ಲಿ ದರದ ಜಾಗದಲ್ಲಿ ಸೊನ್ನೆ. ಐವತ್ತು ವರ್ಷದ ನಂತರ ಮೊಮ್ಮಕ್ಕಳ ಮಕ್ಕಳು "ಇದೇನು ಸೊನ್ನೆ?" ಎಂದು ಕೇಳಿಯೇ ಕೇಳುತ್ತಾರೆ. ನಮ್ಮ ಆಲ್ಬಮ್ಮಿನಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಕಾಗದ ಅದೇ ಎಂದು ನನ್ನ ಎಣಿಕೆ.

ಆದರೆ ಅದು ಶಾಯಿಯಲ್ಲಿ ಮುದ್ರಿಸಿದ್ದಲ್ಲ. ಯಂತ್ರದ ಬಿಸಿ ತಾಗಿದ ಕಡೆ ಕಪ್ಪಾಗುವ ರಾಸಾಯನಿಕ ಬಳಿದ ಕಾಗದ ಅದು. ಬಿಸಿಲು, ಶಾಖ, ಪ್ಲಾಸ್ಟಿಕ್ ಕವರು, ಕೆಲವು ಅಂಟು ಯಾವುದು ತಾಗಿದರೂ ಅಕ್ಷರ ಮಾಸುತ್ತದೆ. ಕೆಲವೇ ತಿಂಗಳಲ್ಲಿ ಬೋಳು ಚೀಟಿ ಕೈಯಲ್ಲಿ ಉಳಿಯಬಹುದು. ಮೊದಲು ಜೆರಾಕ್ಸ್, ಆಮೇಲೆ ಅಂಟು. ಮೂಲವನ್ನು ಹಿಂದೆ ಒಂದು ಕಾಗದದ ಲಕೋಟೆಯಲ್ಲಿ ಇಟ್ಟಿರಿ, ಇದ್ದಷ್ಟು ದಿನ ಇರಲಿ.

ಎಡದಿಂದ ಬಲಕ್ಕೆ

ಕಪ್ಪು ಪುಟದ ಆಲ್ಬಮ್ಮುಗಳಲ್ಲಿ ಚಿತ್ರ ಚೆನ್ನಾಗಿದೆ, ಜನ ಯಾರೆಂದು ತಿಳಿಯುವುದಿಲ್ಲ. ನಮ್ಮ ಮನೆಯ ಒಂದು ಗುಂಪುಚಿತ್ರದಲ್ಲಿ ಟೋಪಿ ಹಾಕಿಕೊಂಡ ಒಬ್ಬರು ಅಜ್ಜನ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದಾರೆ. ಯಾರೆಂದು ಹೇಳುವವರು ಈಗ ಇಲ್ಲ. ಹೆಗಲ ಮೇಲೆ ಕೈ ಹಾಕುವಷ್ಟು ಬೇಕಾದವರು!

ಆದ್ದರಿಂದ ಸ್ಟಿಕ್ಕರಿಗೆ ಇಡುವ ಸಮಯವನ್ನು ಬರಹಕ್ಕೆ ಇಡಿ. ಪತ್ರಿಕೆಯವರು ಬರೆಯುವಂತೆ ಎಡದಿಂದ ಬಲಕ್ಕೆ ಹೆಸರು, ಊರು, ತಾರೀಖು. ಚಿತ್ರ ತೆಗೆದವರ ಹೆಸರನ್ನೂ ಬರೆಯಿರಿ. ಆಲ್ಬಮ್ಮಿನಲ್ಲಿ ಎಲ್ಲೂ ಕಾಣಿಸದೆ ಹೋಗುವವರು ಅವರೇ. ಫೋಟೊದ ಹಿಂದೆ ಬರೆಯುವ ಹಳೆ ಪದ್ಧತಿ ಈಗಿನ ಪ್ರಿಂಟಿಗೆ ಒಗ್ಗುವುದಿಲ್ಲ. ಬೆನ್ನಿಗೆ ಪ್ಲಾಸ್ಟಿಕ್ ಪದರ ಇರುವುದರಿಂದ ಪೆನ್ಸಿಲ್ ಹತ್ತುವುದಿಲ್ಲ, ಜೆಲ್ ಪೆನ್ ಒಣಗದೆ ಪಕ್ಕದ ಚಿತ್ರಕ್ಕೆ ಮೆತ್ತುತ್ತದೆ, ಬಾಲ್‌ಪೆನ್ ಒತ್ತಿದರೆ ಮುಂದೆ ಗೆರೆ ಮೂಡುತ್ತದೆ. ಪುಟದ ಮೇಲೆಯೇ ಬರೆಯಿರಿ.

ಬರೆಯಲು ಏನೂ ತೋಚದಿದ್ದರೆ ಅವತ್ತು ಆಡಿದ ಮಾತು ಬರೆಯಿರಿ. ನಮ್ಮ ರೊಟ್ಟಿಯ ಪುಟದಲ್ಲಿ ಇರುವುದು ಅತ್ತೆಯ ಒಂದೇ ವಾಕ್ಯ, ಅವರದೇ ಕೈಬರಹದಲ್ಲಿ: "ಮೂರಲ್ಲ, ಎರಡೂವರೆ ತಿಂದದ್ದು."

ಈ ಭಾನುವಾರ ಬಿಡುವಿದ್ದರೆ ಹೋದ ಪ್ರವಾಸದ ಇಪ್ಪತ್ತನಾಲ್ಕು ಚಿತ್ರ ಆರಿಸಿಡಿ. ಟೋಪಿ, ಖಣ, ಲಗ್ನಪತ್ರಿಕೆ ಎಲ್ಲಕ್ಕೂ ಮುಂದಿನ ವಾರ ಇದೆ. ಪರ್ಸಿನಲ್ಲಿರುವ ಬಸ್ ಟಿಕೆಟನ್ನು ಮಾತ್ರ ನಾಳೆಯೇ ಜೆರಾಕ್ಸ್ ಅಂಗಡಿಗೆ ಒಯ್ಯಿರಿ.